ನಲವತ್ತು ಹೆಜ್ಜೆ ಉರುಳಿದ ಕಲ್ಲು

ನಾನು ಒಂದು ಕಲ್ಲು, ಮತ್ತು ನನಗೆ ಸಿಟ್ಟು ಬಂದಿದೆ. ಕಲ್ಲಿಗೆಂಥ ಸಿಟ್ಟು ಎಂದು ನಗಬೇಡಿ. ಪೂರ್ತಿ ಕೇಳಿ. ಆಮೇಲೂ ನಗು ಬಂದರೆ ನಗಿ.

ನಾನಿರುವುದು ಸೈಪ್ರಸ್ಸಿನಲ್ಲಿ. ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ, ನಡುವೆ ಗೆರೆ ಎಳೆದು ಎರಡು ಮಾಡಿದ ದ್ವೀಪ. ನಾನು ಹುಟ್ಟಿದಾಗ ಆ ಗೆರೆ ಇರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾರೋ ನನ್ನನ್ನು ಬೆಟ್ಟದಿಂದ ಸೀಳಿ, ದುಂಡಗೆ ಕೆತ್ತಿ, ಕಡಲ ಹತ್ತಿರದ ದೊಡ್ಡ ಕಟ್ಟಡವೊಂದಕ್ಕೆ ಕಂಬವಾಗಿ ನಿಲ್ಲಿಸಿದರು. ಆ ಕಾಲದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಕಂಬದ ಕೆಲಸ ಬಲು ಬೇಸರದ್ದು. ಒಂದು ದಿನ ಭೂಮಿ ನಡುಗಿತು, ಕಟ್ಟಡ ಮಲಗಿತು, ನಾನು ತುಂಡಾಗಿ ಮುಳ್ಳುಪೊದೆಗೆ ಬಿದ್ದೆ. ಅಲ್ಲಿ ಎಷ್ಟು ನೂರು ವರ್ಷ ಕಳೆಯಿತೋ ಲೆಕ್ಕವಿಟ್ಟಿಲ್ಲ.

ಕೊನೆಗೆ ತ್ರೆಮಿಥೂಲ ಎಂಬ ಪುಟ್ಟ ಹಳ್ಳಿಯ ರೈತನೊಬ್ಬ ನನ್ನನ್ನು ಕತ್ತೆಯ ಮೇಲೆ ಹೇರಿಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ ಕತ್ತೆ ನನ್ನನ್ನು ಶಪಿಸಿತು. ಆ ರೈತ ನನ್ನ ಎರಡು ತುದಿಗೂ ತೂತು ಕೊರೆದು, ಕಬ್ಬಿಣದ ಗೂಟ ಕೂರಿಸಿ, ಎಳೆಯಲು ಮರದ ಹಿಡಿ ಕಟ್ಟಿದ. ಆ ದಿನದಿಂದ ನಾನು ಉರುಳುಗಲ್ಲು.

ಮಣ್ಣಿನ ಮಾಳಿಗೆಮನೆಯಲ್ಲಿ ಬೆಳೆದವರಿಗೆ ನನ್ನ ಕೆಲಸ ಬೇಗ ಅರ್ಥವಾಗುತ್ತದೆ. ತ್ರೆಮಿಥೂಲದ ಮನೆಗಳ ನೆತ್ತಿಯೂ ಚಪ್ಪಟೆ. ತೊಲೆ, ತೊಲೆಯ ಮೇಲೆ ಜೊಂಡಿನ ಚಾಪೆ, ಚಾಪೆಯ ಮೇಲೆ ಗೇಣು ದಪ್ಪ ಮಣ್ಣು. ಮಳೆ ನಿಂತ ಕೂಡಲೇ, ಮಣ್ಣು ಹಸಿಯಾಗಿರುವಾಗಲೇ ಯಾರಾದರೂ ಮೇಲೆ ಹತ್ತಿ ಕಲ್ಲು ಉರುಳಿಸಬೇಕು. ತಡಮಾಡಿದರೆ ಬಿರುಕು ಬಿಟ್ಟು ಮುಂದಿನ ಮಳೆ ನೇರ ಹಾಸಿಗೆಯ ಮೇಲೆ. ಹಾಗಾಗಿ ನನ್ನ ವಾಸ ಮಾಳಿಗೆಯ ಮೇಲೇ.

ತಂದೆಯಿಂದ ಮಗನಿಗೆ ದಾಟುತ್ತ ನಾಲ್ಕನೆಯ ತಲೆಮಾರಿಗೆ ಹಾಸಿಪನ ಕೈಗೆ ಬಂದೆ. ತ್ರೆಮಿಥೂಲದವರು ಮನೆಯಲ್ಲಿ ಟರ್ಕಿ ಭಾಷೆ ಆಡುವವರು, ಎದುರು ದಿಣ್ಣೆಯ ಊರಿನವರು ಗ್ರೀಕ್ ಆಡುವವರು. ಆದರೆ ಎತ್ತು ಸಾಲ ಕೇಳುವಾಗ ಇಬ್ಬರಿಗೂ ಎರಡೂ ಭಾಷೆ ಬರುತ್ತಿತ್ತು! ಹಾಸಿಪ್ ಮೂವತ್ತರ ಹರೆಯದವನು, ಬಾಯಿ ಸುಮ್ಮನಿರದವನು. ನನ್ನ ಜೊತೆಗೂ ಮಾತೇ.

"ನಡೀ ಮುದುಕಾ, ನಡೀ. ನನ್ನ ಹೆಂಡ್ತಿಗಿಂತ ನೀನೇ ಭಾರ. ಆದ್ರೆ ಹೇಳಿದ ಕಡೆ ತಿರುಗ್ತೀಯ ನೋಡು, ಅದು ನಿನ್ನ ದೊಡ್ಡ ಗುಣ."

ಕೆಳಗೆ ಅಂಗಳದಿಂದ ಅವನ ಹೆಂಡತಿ ಎಮೆತೆ ಕೂಗುತ್ತಿದ್ದಳು. "ನಂಗೆ ಕೇಳಿಸ್ತು!"

"ಕೇಳಿಸ್ಲಿ ಅಂತಾನೇ ಹೇಳಿದ್ದು ಕಣೇ!"

ಅವರ ಮಗಳು ಪೆಂಬೆ ಏಣಿಯ ಕೊನೇ ಮೆಟ್ಟಿಲಿನಲ್ಲಿ ನಿಂತು ಇಬ್ಬರ ಮಾತಿಗೂ ಕಿಲಕಿಲ ನಗುತ್ತಿದ್ದಳು. ಆಗ ಅವಳಿಗೆ ಆರು ವರ್ಷ.

1964ರ ಜನವರಿ. ಪಟ್ಟಣಗಳಲ್ಲಿ ಎರಡೂ ಭಾಷೆಯವರು ಹೊಡೆದಾಡಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ನಮ್ಮ ಹಳ್ಳಿಗೂ ಬಂದಿತ್ತು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲೇ. ಮೂರು ದಿನ ಎಡೆಬಿಡದೆ ಸುರಿದ ಮಳೆ ಮಧ್ಯಾಹ್ನ ನಿಂತಿತು. ಹಾಸಿಪ್ ಮೇಲೆ ಹತ್ತಿದ. ಕೆಳಗಿನಿಂದ ಎಮೆತೆ, "ಇವತ್ತು ಬೇಡ, ಇಳೀರಿ, ಸಾರು ಆರುತ್ತೆ" ಎಂದಳು. "ನಾಲ್ಕೇ ಸುತ್ತು" ಎಂದ. ಮೂರನೆಯ ಸುತ್ತಿನಲ್ಲಿ ಎದುರು ದಿಣ್ಣೆಯಿಂದ ಒಂದು ಗುಂಡು ಬಂತು.

ಹೊಡೆದವರು ಯಾರೆಂದು ನನಗೆ ಗೊತ್ತಿಲ್ಲ. ಆ ಊರಿನವರೋ, ಎಲ್ಲಿಂದಲೋ ಬಂದವರೋ. ಮಾಳಿಗೆಯ ಮೇಲೊಬ್ಬ ಗಂಡಸು ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಕಾವಲು ಕಾಯುತ್ತಿರಬೇಕು ಎಂದುಕೊಂಡರೋ ಏನೋ. ಸೋರಬಾರದೆಂದು ಮಣ್ಣು ಒತ್ತುತ್ತಿದ್ದನಲ್ಲ! ಮಗಳ ಹಾಸಿಗೆ ಒದ್ದೆಯಾಗಬಾರದೆಂದು! ಅದಕ್ಕೆ ಗುಂಡು! ಅವನು ಬಿದ್ದಾಗ ಒಂದು ಕೈ ನನ್ನ ಹಿಡಿಯ ಮೇಲೇ ಇತ್ತು.

ಸಂಜೆಗೆ ಮುಂಚೆ ಇಡೀ ಊರನ್ನು ಲಾರಿಯಲ್ಲಿ ಬೇರೆ ಕಡೆಗೆ ಸಾಗಿಸುತ್ತಾರೆ ಎಂದು ಸುದ್ದಿ ಬಂತು. ಇಬ್ಬರು ಮುದುಕರು ಮನೆಯ ಹಿಂದಿನ ಇಳಿಜಾರಿನಲ್ಲಿ, ಕ್ಯಾರಬ್ ಮರದ ಕೆಳಗೆ ಗಡಿಬಿಡಿಯಲ್ಲಿ ಗುಂಡಿ ತೋಡಿದರು. ಕ್ಯಾರಬ್ ಎಂದರೆ ಹುಣಸೆಯ ಹಾಗೆ ಕಂದು ಕಾಯಿ ಬಿಡುವ ಮರ. ಹಾಸಿಪನನ್ನು ಮಲಗಿಸಿ ಮಣ್ಣು ಮುಚ್ಚಿದರು. ತಲೆಯ ಕಡೆ ನೆಡಲು ಕಲ್ಲಿಲ್ಲ. ಎಮೆತೆ ಏಣಿ ಹತ್ತಿ ಬಂದು ನನ್ನನ್ನು ಮಾಳಿಗೆಯ ಅಂಚಿನಿಂದ ಕೆಳಕ್ಕೆ ದೂಡಿದಳು. ನನ್ನ ಹಿಡಿ ಮುರಿಯಿತು. ಒಂದು ಅಂಚು ಸಿಡಿಯಿತು. ಅಲ್ಲಿಂದ ಮರದವರೆಗೆ ಕೈಯಲ್ಲಿ, ಮೊಣಕಾಲಿನಲ್ಲಿ, ಅಂಗಾಲಿನಲ್ಲಿ ಒಬ್ಬಳೇ ಉರುಳಿಸಿದಳು.

"ಬಿಡೇ ತಾಯಿ, ಲಾರಿ ನಿಂತಿದೆ," ಎಂದ ಒಬ್ಬ ಮುದುಕ.

"ನಿಲ್ಲಲಿ."

ಹಾಸಿಪನ ತಲೆಯ ಕಡೆಗೆ ನನ್ನನ್ನು ಅಡ್ಡ ಮಲಗಿಸಿ, ಮಣ್ಣಿನಲ್ಲಿ ಅರ್ಧ ಹೂತಳು. ನಾನು ದುಂಡಗಿದ್ದುದರಿಂದಲೇ ಅವಳೊಬ್ಬಳಿಗೆ ಅದು ಸಾಧ್ಯವಾಯಿತು. ಆ ಮೇಲೆ ಮಗಳ ಕೈ ಹಿಡಿದುಕೊಂಡು ಲಾರಿ ಹತ್ತಿದಳು. ಹತ್ತು ವರ್ಷದ ಮೇಲೆ ಯುದ್ಧವೇ ಆಯಿತಂತೆ, ದ್ವೀಪದ ನಡುವೆ ಗೆರೆ ಬಿತ್ತಂತೆ, ನಮ್ಮವರು ಗೆರೆಯ ಆಚೆಗೆ ಹೋದರಂತೆ.

ಉರುಳಿಸುವವರಿಲ್ಲದ ಮಾಳಿಗೆ ಎಷ್ಟು ದಿನ ನಿಂತೀತು? ನಮ್ಮದು ಮೂರನೆಯ ಚಳಿಗಾಲಕ್ಕೆ ಕುಸಿಯಿತು. ಒಂದೊಂದೇ ಮನೆ ಬೀಳುವ ಸದ್ದನ್ನು ನಾನು ಮಲಗಿದಲ್ಲಿಂದಲೇ ಕೇಳಿದೆ. ಬರುತ್ತಿದ್ದವನು ಒಬ್ಬನೇ, ಎದುರು ದಿಣ್ಣೆಯ ಕುರುಬ ಫಾನಿಸ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಡು ಮೇಯಿಸಲು ಬಂದ. ಸುತ್ತ ಎಲ್ಲ ಕಲ್ಲುಗಳ ಮೇಲೂ ಕೂತು ರೊಟ್ಟಿ ತಿಂದ, ನನ್ನ ಮೇಲೆ ಮಾತ್ರ ಒಂದು ದಿನವೂ ಕೂರಲಿಲ್ಲ. ಹತ್ತಿರ ಬಂದರೆ ಟೋಪಿ ತೆಗೆಯುತ್ತಿದ್ದ. ಆಡೊಂದು ನನ್ನ ಮೇಲೆ ಹತ್ತಿದರೆ, "ಇಳಿಯೇ, ಮನುಷ್ಯರು ಮಲಗಿದ್ದಾರೆ" ಎಂದು ಗದರುತ್ತಿದ್ದ. ಅವನಿಗೆ ಗೊತ್ತಿತ್ತು. ಆ ದಿನ ದಿಣ್ಣೆಯಿಂದ ಎಮೆತೆಯನ್ನು ನೋಡಿದ್ದನೋ ಏನೋ. ಯಾರೂ ಅವನನ್ನು ಕೇಳಲಿಲ್ಲ. ಕೇಳುವ ಹೊತ್ತಿಗೆ ಅವನೇ ಇರಲಿಲ್ಲ.

2003ರಲ್ಲಿ ಗೆರೆಯಲ್ಲಿ ದಾಟುವ ದಾರಿಗಳು ತೆರೆದವು. ಎಮೆತೆ ಬಂದಳು. ಕೂದಲು ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ. ಟ್ಯಾಕ್ಸಿಯವನನ್ನು ರಸ್ತೆಯಲ್ಲೇ ನಿಲ್ಲಿಸಿ ಒಬ್ಬಳೇ ಇಳಿದು ಬಂದು ನನ್ನ ಸಿಡಿದ ಅಂಚನ್ನು ಸವರಿದಳು.

"ಇಲ್ಲೇ ಇದ್ದೀಯಲ್ಲ, ಪುಣ್ಯಾತ್ಮ. ಇಲ್ಲೇ ಇರು. ಯಾರಿಗೂ ಹೇಳಲ್ಲ ನಾನು. ಹೇಳಿದ್ರೆ ಅಗೀತಾರೆ, ಅಗೆದು ಎಲ್ಲಿಗೆ ಒಯ್ತಾರೋ. ನಾನು ಸಾಯೋ ಹೊತ್ತಿಗೆ ಪೆಂಬೆಗೆ ಹೇಳ್ತೀನಿ, ಅವಳು ಲಂಡನ್ನಿಂದ ಬರ್ತಾಳೆ. ನಿನ್ನನ್ನ ನೋಡ್ಕೊಂಡು ಅಪ್ಪನ್ನ ಕರ್ಕೊಂಡು ಬರ್ತಾಳೆ, ನನ್ನ ಪಕ್ಕ ಮಲಗಿಸ್ತಾಳೆ."

ಕಲ್ಲಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ ಹೇಳಿ? ಇದ್ದಲ್ಲೇ ಇರುವುದು!

ಈಗ ಸಿಟ್ಟಿನ ಭಾಗ.

ಕೆಲವು ವರ್ಷಗಳಿಂದ ಇಲ್ಲಿಗೆ ಹೊಸ ಥರದ ಜನ ಬರತೊಡಗಿದರು. ಪಾಳುಬಿದ್ದ ಊರು, ಖಾಲಿ ಹೋಟೆಲು, ಮುಚ್ಚಿದ ಗಣಿ ಹುಡುಕಿಕೊಂಡು ಹೋಗಿ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುವವರು. ಪಾಳುಬಿದ್ದದ್ದಂತೆ! ಬಿಟ್ಟುಹೋದದ್ದು ಬೇರೆ, ಓಡಿಸಿದ್ದು ಬೇರೆ. ಅವರಲ್ಲಿ ನಿಯೋಫಿಟೋಸ್ ಎಂಬ ಉದ್ದ ಕಾಲಿನವನೊಬ್ಬ, ಜೊತೆಗೆ ಥೆಕ್ಲಾ ಎಂಬ ಹುಡುಗಿ. ಇಬ್ಬರಿಗೂ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು.

"ರೇ ಥೆಕ್ಲಾ, ಓಡಿ ಬಾ! ಕಂಬ ಕಣೇ! ರೋಮನ್ ಕಂಬ!" ಇಲ್ಲಿನವರ ಬಾಯಲ್ಲಿ 'ರೇ' ಎಂದರೆ ನಿಮ್ಮ 'ಲೇ'.

ಥೆಕ್ಲಾ ಬಂದು ನಾನಿದ್ದಲ್ಲೇ ಒಂದು ಫೋಟೋ ತೆಗೆದಳು. ನಿಯೋಫಿಟೋಸ್ ಅದನ್ನು ನೋಡಿ ಮೂಗು ಮುರಿದ.

"ಬರೀ ನೆರಳು. ಆ ಕೆಳಗಿನ ಮನೆಯ ನೀಲಿ ಬಾಗಿಲಿದೆಯಲ್ಲ, ಅದರ ಮುಂದೆ ಇಟ್ರೆ ಹೇಗಿರುತ್ತೆ ಯೋಚ್ನೆ ಮಾಡು!"

"ಏನೂ ಮುಟ್ಟಬಾರದು ಅಂತ ನಿಯಮ ಮಾಡಿದ್ದು ನೀನೇ ಅಲ್ವೇನೋ?"

"ಒಯ್ಯಬಾರದು ಅಂತ ಮಾಡಿದ್ದು. ನಾನೇನು ಒಯ್ತಿದೀನಾ? ಊರೊಳಗೇ ಸರಿಸ್ತಿದೀನಿ. ಕಲ್ಲು ಕಣೇ, ಎಲ್ಲಿದ್ರೇನು ಅದಕ್ಕೆ?"

ನನ್ನನ್ನು ಮಣ್ಣಿನಿಂದ ಕಿತ್ತರು. ಅಂಗಾಲಿನಿಂದ ತಳ್ಳಿದರು. ಥೆಕ್ಲಾ ನಗುತ್ತ, "ಅಯ್ಯೋ, ಎಷ್ಟು ಸಲೀಸಾಗಿ ಹೋಗುತ್ತೆ!" ಎಂದಳು, ಹೆಜ್ಜೆಗಳನ್ನು ಹಾಡಿನಂತೆ ಎಣಿಸಿದಳು. ನಲವತ್ತು. ನೀಲಿ ಬಾಗಿಲಿನ ಮುಂದೆ, ಯಾರದೋ ಅಂಗಳದ ಮಣ್ಣಿನ ಒಲೆಯ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಹೋಗುವಾಗ ತಮ್ಮ ಬಿಸ್ಕತ್ತಿನ ಕಾಗದ, ನೀರಿನ ಬಾಟಲಿ ಎಲ್ಲ ಆರಿಸಿ ಚೀಲಕ್ಕೆ ಹಾಕಿಕೊಂಡರು. ಬಹಳ ಶಿಸ್ತಿನವರು! ನನ್ನನ್ನು ಮಾತ್ರ ಅಲ್ಲೇ ಬಿಟ್ಟರು.

ನನಗೆ ಕಾಲಿಲ್ಲ, ಬಾಯಿಲ್ಲ. ಎರಡು ಬೇಸಿಗೆಯ ನಂತರ ಬೆಟ್ಟಕ್ಕೆ ಬೆಂಕಿ ಬಿತ್ತು. ಇಳಿಜಾರಿನ ಮರಗಳೆಲ್ಲ ಸುಟ್ಟು ಕರಿಮೋಟುಗಳಾದವು. ಈಗ ಹಾಸಿಪನ ಜಾಗಕ್ಕೆ ಮರವೂ ಗುರುತಲ್ಲ, ಕಲ್ಲೂ ಗುರುತಲ್ಲ.

ಆ ಮೇಲೆ ಪೆಂಬೆ ಬಂದಳು. ಅರವತ್ತೈದು ದಾಟಿದ್ದಳು. ಜೊತೆಗೆ ಕಾಣೆಯಾದವರನ್ನು ಹುಡುಕುವ ತಂಡ, ಅದರಲ್ಲಿ ಗೆರೆಯ ಎರಡೂ ಕಡೆಯವರಿದ್ದರು. ಎಮೆತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಳಂತೆ. ಅರ್ಧ ಬಾಯಿಂದಲೇ ಮಗಳಿಗೆ ಗುಟ್ಟು ಹೇಳಿದ್ದಳಂತೆ. ಪೆಂಬೆ ಊರೆಲ್ಲ ಸುತ್ತಿ, ಒಲೆಯ ಪಕ್ಕ ನನ್ನನ್ನು ಕಂಡು ಕೂಗಿಕೊಂಡಳು.

"ಇದೇ! ಇದೇ ಕಲ್ಲು! ನೋಡಿ, ಅಂಚು ಸಿಡಿದಿದೆ. ಉರುಳುಗಲ್ಲು ಎಲ್ಲಿದ್ಯೋ ಅಲ್ಲೇ, ಕ್ಯಾರಬ್ ಮರದ ಕೆಳಗೆ ಅಂದಿದ್ಲು ಅಮ್ಮ."

ಹತ್ತಿರದಲ್ಲೇ ಒಂದು ಸುಟ್ಟ ಮೋಟೂ ಇತ್ತು. ಆರು ವರ್ಷದವಳಿದ್ದಾಗ ಬಿಟ್ಟ ಊರು, ಮನೆಗಳೆಲ್ಲ ಈಗ ಮಣ್ಣಗುಡ್ಡೆ; ಯಾರಿಗೆ ಅನುಮಾನ ಬಂದೀತು? ಅಗೆದರು. ಮೂರು ದಿನ ಅಗೆದರು. ನಾನು ಪಕ್ಕದಲ್ಲಿ ಬಿದ್ದುಕೊಂಡು ಒಳಗೊಳಗೇ ಚೀರಿದೆ. ಅಲ್ಲಿ ಅಲ್ಲ! ಮೇಲೆ! ನಲವತ್ತೇ ಹೆಜ್ಜೆ! ಸಿಕ್ಕಿದ್ದು ಬೂದಿ, ಒಡೆದ ಗಡಿಗೆ. ಪೆಂಬೆ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ ಫೋನಿನಲ್ಲಿ ತಾಯಿಗೆ ಹೇಳಿದಳು.

"ಇಲ್ಲಮ್ಮಾ... ಇನ್ನೂ ಸಿಕ್ಕಿಲ್ಲ... ಇಲ್ಲ, ಕಲ್ಲಿದೆ. ಕಲ್ಲಿದೆ, ಅಪ್ಪ ಇಲ್ಲ."

ಇಂಥ ಗುಂಡಿಗಳಿಗಾಗಿ ಕಾಯುತ್ತಿದ್ದ ಮನೆಗಳು ದ್ವೀಪದ ತುಂಬ ಇದ್ದವು. ತಂಡ ಮುಂದಿನ ಊರಿಗೆ ಹೋಯಿತು. ಮತ್ತೆ ಬಂದದ್ದು ಹದಿನಾಲ್ಕು ತಿಂಗಳ ಮೇಲೆ.

ಆ ಸಲ ಪೆಂಬೆಯ ಜೊತೆ ಥೆಕ್ಲಾ ಇದ್ದಳು. ಪತ್ರಿಕೆಯಲ್ಲಿ 'ತ್ರೆಮಿಥೂಲದಲ್ಲಿ ಏನೂ ಸಿಗಲಿಲ್ಲ' ಎಂಬ ಸುದ್ದಿ, ಗುಂಡಿಯ ಪಕ್ಕ ನನ್ನ ಚಿತ್ರ, ಹಿಂದೆ ನೀಲಿ ಬಾಗಿಲು. ಅದು ಅವಳ ಕಣ್ಣಿಗೆ ಬಿದ್ದಿತ್ತಂತೆ. ತಾನು ಮೊದಲು ತೆಗೆದಿದ್ದ ಆ ನೆರಳಿನ ಫೋಟೋ ಹುಡುಕಿ, ತಂಡಕ್ಕೆ ಕೊಟ್ಟು, ತಪ್ಪು ಒಪ್ಪಿಕೊಂಡಿದ್ದಳು. ಅದರಲ್ಲಿ ಮರವಿತ್ತು, ಮರದ ಹಿಂದೆ ಎದುರು ದಿಣ್ಣೆಯ ನೆತ್ತಿ ಸ್ಪಷ್ಟವಾಗಿತ್ತು. ತಂಡದ ಮುಖ್ಯಸ್ಥೆ ಫೋಟೋ ಎತ್ತಿ ಹಿಡಿದು, ಹಿಂದೆ ಮುಂದೆ ಸರಿದು, ಒಂದು ಕರಿಮೋಟಿನ ಬಳಿ ನಿಂತಳು. ಮಧ್ಯಾಹ್ನದೊಳಗೆ ಹಾಸಿಪ್ ಸಿಕ್ಕಿದ. ಮೂಳೆಗಳು, ಕೋಟಿನ ನಾಲ್ಕು ಗುಂಡಿ, ಒಂದು ಬೂಟಿನ ಅಟ್ಟೆ.

ಪೆಂಬೆ ಅಳಲಿಲ್ಲ. ಬಿಳಿ ಬಟ್ಟೆಯ ಮೇಲೆ ಅವುಗಳನ್ನು ಜೋಡಿಸುವುದನ್ನು ನೋಡುತ್ತ ನಿಂತಿದ್ದಳು. ಥೆಕ್ಲಾ ಹತ್ತಿರ ಹೋದಳು.

"ನನ್ನ ಕ್ಷಮಿಸಿ ಅಮ್ಮಾ. ನಮಗೆ ಗೊತ್ತಿರಲಿಲ್ಲ."

ಪೆಂಬೆ ತಾಯಿಯಿಂದ ಕಲಿತ ಹರಕು ಗ್ರೀಕಿನಲ್ಲೇ ಉತ್ತರಿಸಿದಳು. "ಕ್ಷಮಿಸ್ಬೇಕಾದೋಳು ಐದು ತಿಂಗಳ ಹಿಂದೆ ಹೋದ್ಲು ಮಗಾ. ದಿನಾ ಕೇಳ್ತಿದ್ಲು, ಕಲ್ಲಿತ್ತಲ್ಲ, ಕಲ್ಲಿತ್ತಲ್ಲ ಅಂತ. ಕೊನೆಗೆ ತನಗೇ ಮರೆವು ಬಂದಿದೆ ಅಂದ್ಕೊಂಡ್ಲು. ಗಂಡನ್ನ ಎಲ್ಲಿ ಮಲಗಿಸ್ದೆ ಅನ್ನೋದೇ ಮರೆತೆ ಅಂತ ತನ್ನನ್ನೇ ಬೈಕೊಂಡು ಸತ್ಲು. ನನ್ನ ಹತ್ರ ಕ್ಷಮೆ ಇಲ್ಲ. ಸಿಟ್ಟಿದೆ. ಬೇಕಾದ್ರೆ ಅದನ್ನ ತಗೋ."

ಥೆಕ್ಲಾ "ಕೊಡಿ" ಎಂದಳು.

"ಹಾಗಾದ್ರೆ ಬರೀ. ಆ ನೀಲಿ ಬಾಗಿಲ ಫೋಟೋ ಇನ್ನೂ ಇದ್ಯಾ ನಿಮ್ಮ ಪುಟದಲ್ಲಿ?"

"ಇದೆ. ಮೂವತ್ತು ಸಾವಿರ ಜನ ಮೆಚ್ಚಿದ್ದಾರೆ."

"ಅದರ ಕೆಳಗೇ ಬರೀ. ಅಪ್ಪನ ಹೆಸರು ಹಾಸಿಪ್. ಅಮ್ಮನ ಹೆಸರು ಎಮೆತೆ. ನಲವತ್ತು ಹೆಜ್ಜೆ. ಹದಿನಾಲ್ಕು ತಿಂಗಳು. ಒಂದಕ್ಷರ ಬಿಡ್ಬೇಡ."

ಥೆಕ್ಲಾ ಇಳಿದು ಬಂದು ನನ್ನ ಪಕ್ಕದ ನೆಲದ ಮೇಲೆ ಕೂತು ಅಲ್ಲೇ ಬರೆದಳು. ಮುಗಿಸಿ ಹತ್ತು ನಿಮಿಷವಾಗಿಲ್ಲ, ಫೋನು ಬಂತು. ನಿಯೋಫಿಟೋಸನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ರೇ, ತಲೆ ಕೆಟ್ಟಿದ್ಯಾ ನಿಂಗೆ? ಅಳಿಸು ಮೊದ್ಲು! ಜನ ನಮ್ಮನ್ನ ಹರಿದು ತಿಂತಾರೆ!"

"ತಿನ್ನಲಿ," ಎಂದು ಅವಳು ಫೋನು ಇಟ್ಟಳು.

ನನ್ನನ್ನು ಜೊತೆಗೆ ಒಯ್ಯಬಹುದೇ, ಅಪ್ಪ ಅಮ್ಮನ ತಲೆಯ ಕಡೆ ಇಡುತ್ತೇನೆ ಎಂದು ಪೆಂಬೆ ಕೇಳಿದಳು. ಆಗುವುದಿಲ್ಲ ಎಂದು ಮುಖ್ಯಸ್ಥೆ ತಲೆಯಾಡಿಸಿದಳು. ಇದು ಪುರಾತನ ಕಂಬದ ತುಂಡು, ಕಾಗದಪತ್ರವಿಲ್ಲದೆ ಗೆರೆ ದಾಟುವಂತಿಲ್ಲ. ಮೂಳೆ ದಾಟಬಹುದು, ಕಲ್ಲು ದಾಟಬಾರದು! ಯಾರು ಮಾಡಿದ ಗೆರೆಯೋ, ಯಾರು ಮಾಡಿದ ಲೆಕ್ಕವೋ. ಪೆಂಬೆ ಯಾರ ಕೈಗೂ ಸಲಿಕೆ ಕೊಡದೆ ಗುಂಡಿಯನ್ನು ತಾನೇ ಮುಚ್ಚಿದಳು, ಕಾಲಿನಿಂದ ಮಣ್ಣು ಸಮ ಮಾಡಿದಳು, ಹೋದಳು.

ಮೂಳೆಗಳ ಪರೀಕ್ಷೆಯೆಲ್ಲ ಮುಗಿದು ಹಾಸಿಪನನ್ನು ಎಮೆತೆಯ ಪಕ್ಕ ಮಲಗಿಸಿದರೆಂದು ಆ ಮೇಲೆ ಬಂದವರ ಮಾತಿನಲ್ಲಿ ಕೇಳಿದೆ. ಬರುವವರು ಈಗಲೂ ಬರುತ್ತಾರೆ. ಥೆಕ್ಲಾ ಬರೆದದ್ದನ್ನು ಓದಿ ಬಂದವರು ದೂರ ನಿಂತು ನೋಡಿ ಹೋಗುತ್ತಾರೆ. ಓದದೆ ಬಂದವರು ನನ್ನ ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ. ನನಗೆ ವಯಸ್ಸಾಯಿತು, ಕಾಯುವುದಕ್ಕೂ ಈಗ ಇಲ್ಲಿ ಯಾರೂ ಇಲ್ಲ. ಇಷ್ಟಾದ ಮೇಲೆ ಸಿಟ್ಟು ತಣಿಯಬೇಕಲ್ಲವೇ ಎಂದು ನೀವು ಕೇಳಬಹುದು. ತಣಿಯುವುದು ನನಗೆ ಬೇಕಿಲ್ಲ. ಮಾಳಿಗೆ ಬಿದ್ದಿದೆ, ಒಲೆ ಆರಿ ಅರವತ್ತು ವರ್ಷವಾಗಿದೆ, ಮರಗಳು ಬೂದಿಯಾಗಿವೆ. ಈ ಊರಿನಲ್ಲಿ ಇನ್ನೂ ಬಿಸಿಯಾಗಿರುವುದು ಅದೊಂದೇ.