ಮೂರನೇ ಮೆಟ್ಟಿಲ ಕಲ್ಲು

ನಾಗೇಂದ್ರ ಗರಗಸವನ್ನು ಹಲಗೆಯ ಅಂಚಿಗೆ ಇಟ್ಟೇಬಿಟ್ಟಿದ್ದ. ಮರಿತಾಯಮ್ಮ ಓಡಿಬಂದು ಗರಗಸದ ಮೇಲೇ ಕೈಯಿಟ್ಟಳು.

"ತಗಿ ಅದ್ನ."

"ಅತ್ಗಮ್ಮ, ಅಣ್ಣನ್ನ ಕೂರ್ಸಕ್ಕೆ ಗ್ವಾಡ ಬೇಕಲ್ವ? ಈ ಆಟದ ಸಾಮಾನು ಇಡೀ ಗ್ವಾಡನೇ ನುಂಗ್ಬುಟ್ಟದ. ಬಾಗ್ಲಲ್ಲೂ ತೂರಲ್ಲ. ಎಲ್ಡು ತುಂಡು ಮಾಡ್ದೆ ಇನ್ನೇನ್ ಮಾಡನ?"

ಮೈದುನನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೆಳಗಿನ ಜಾವ ತೀರಿಕೊಂಡ ಅವಳ ಗಂಡ ಲಿಂಗಯ್ಯ ಹನ್ನೊಂದು ವರ್ಷ ಪಡಸಾಲೆಯಲ್ಲೇ ಕೂತು ಹಲಗೆಯ ಮೇಲೆ ಕಟ್ಟಿದ ಪುಟ್ಟ ಕ್ವಾರಿ ಅದು. ಬಾಗಿಲ ಅಳತೆ ನೋಡಿಕೊಳ್ಳುವ ಬುದ್ಧಿ ಮಾತ್ರ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಕರಿಕಲ್ಲ ಚೂರುಗಳ ಗುಡ್ಡ, ಅದರ ಸುತ್ತ ಛತ್ರಿ ಕಡ್ಡಿಯ ಹಳಿ, ಅಂಗಿ ಗುಂಡಿಯ ಚಕ್ರದ ಮೇಲೆ ತಗಡಿನ ಟ್ರಾಲಿ. ಗುಂಡ್ಲುಪೇಟೆ ಕಡೆಯ ಕ್ವಾರಿಯಲ್ಲಿ ಎರಡಡಿ ಅಗಲದ ಹಳಿಯ ಮೇಲೆ ಇಪ್ಪತ್ತು ವರ್ಷ ಟ್ರಾಲಿ ನೂಕಿದವನು, ಆ ಹಳಿಯನ್ನು ಹೆಬ್ಬೆರಳಗಲಕ್ಕೆ ಇಳಿಸಿದ್ದ.

"ಗ್ವಾಡ ಬ್ಯಾಡ. ಅದ್ಕೇ ಒರಗ್ಸಿ ಕೂರ್ಸಿ," ಎಂದಳು.

ಹಣೆತುಂಬ ವಿಭೂತಿ ಬಳಿದು, ಸೊಂಟಕ್ಕೆ ವಸ್ತ್ರ ಬಿಗಿದು, ಹಲಗೆಗೇ ಒರಗಿಸಿ ಕೂರಿಸಿದರು. ಲಿಂಗಯ್ಯನ ತಲೆಯ ಹಿಂದೆ ಗುಡ್ಡ ಎದ್ದು ನಿಂತಿತು.

*

ಹೋದ ವರ್ಷ ಗೊಣಗಿಕೊಂಡು ಧೂಳು ಒರೆಸುವಾಗ ಮರಿತಾಯಮ್ಮ ಗುಡ್ಡದ ಮೂರನೇ ಮೆಟ್ಟಿಲಲ್ಲಿ ಒಂದು ಕಲ್ಲೆತ್ತಿದ್ದಳು. ಅಡಿಯಲ್ಲಿ ತಂತಿಯ ಆಳೊಬ್ಬ ಬೋರಲು ಬಿದ್ದಿದ್ದ. ತಲೆಗೆ ಹಳದಿ ವಸ್ತ್ರ.

"ಇದ್ಯಾರ?"

"ಪುಟ್ಟಮಾದು," ಎಂದ ಲಿಂಗಯ್ಯ. "ಅವನ್ ಮ್ಯಾಲ ಕಲ್ಲು ಜಾರ್ದಾಗ ನಾನು ಟ್ರಾಲಿ ತಾವ್ಲೇ ಇದ್ದಿ. ಮಾರ್ನೇ ದಿನ ಯಜಮಾನ್ರು ಮಣ್ಣು ತುಂಬ್ಸಿ ಮುಚ್ಬುಟ್ರು. ವಯನಾಡ್ಗೆ ಓಡೋದ ಅಂತ ಸುದ್ದಿ ಎಬ್ಬುಸುದ್ರು. ಬಾಯ್ಬುಟ್ರೆ ನೀನೂ ಅಂಗೇ ಓಡೋಯ್ತಿಯ ಅಂದ್ರು. ಬಾಯಲ್ಲಿ ಯೋಳಕ್ಕಾಗ್ನಿಲ್ಲ ಕಣಮ್ಮಿ. ಕೈಲಿ ಯೋಳ್ತಾವ್ನಿ."

ಪುಟ್ಟಮಾದುವಿನ ಹೆಂಡತಿ ಚಿಕ್ಕಮಾದಮ್ಮ ಎರಡು ಬೀದಿ ಆಚೆಗೇ ಇದ್ದಳು. ಗಂಡ ಬಿಟ್ಟವಳು ಎನ್ನಿಸಿಕೊಂಡೂ ಮೂವತ್ತೆಂಟು ವರ್ಷದಿಂದ ಅವನ ಹೆಸರಿಗೆ ಕುಂಕುಮ ಇಡುತ್ತಿದ್ದವಳು. ಮರಿತಾಯಮ್ಮ ಕಲ್ಲನ್ನು ಇದ್ದಲ್ಲೇ ಇಟ್ಟು ತಾನೂ ಬಾಯಿ ಮುಚ್ಚಿಕೊಂಡಳು. ಆ ನಾಚಿಕೆ ಅವಳನ್ನು ವರ್ಷವಿಡೀ ತಿಂದಿತ್ತು.

*

ಮಧ್ಯಾಹ್ನಕ್ಕೆ ಕ್ವಾರಿಯ ಹಳೇ ಯಜಮಾನ ಶಂಭುಲಿಂಗಪ್ಪ ಸೇವಂತಿಗೆ ಹಾರ ಹಿಡಿದು ಬಂದ. ಹಾಕಲು ಬಗ್ಗಿದವನ ಕಣ್ಣು ಗುಡ್ಡದ ಮೇಲೆ ಬಿತ್ತು. ಒಂದು, ಎರಡು, ಮೂರು ಮೆಟ್ಟಿಲು ಹತ್ತಿ ಅಲ್ಲೇ ನಿಂತಿತು.

"ಚೆನ್ನಾಗ್ ಮಾಡವ್ನೆ," ಎಂದ. "ನಿಮ್ಗ್ಯಾಕವ್ವ ತೊಂದ್ರೆ, ನಮ್ಮ ಆಪೀಸಲ್ಲಿ ಇಡ್ತೀನಿ. ತುಂಡು ಮಾಡಿ ಜೀಪಿಗಾಕ್ಸು ನಾಗೇಂದ್ರ."

ನಾಗೇಂದ್ರ ಗರಗಸ ಹುಡುಕಿದ. ಅದು ಅತ್ತಿಗೆಯ ಕೈಯಲ್ಲಿತ್ತು.

"ತಕ್ಕೊಂಡೋಗಿ ಯಜಮಾನ್ರೆ." ಮರಿತಾಯಮ್ಮ ಮೂರನೇ ಮೆಟ್ಟಿಲ ಕಲ್ಲೆತ್ತಿ ಪಕ್ಕಕ್ಕಿಟ್ಟಳು. "ಮೊದ್ಲು ಇವ್ನ ಹೆಸ್ರ ಎಲ್ರ ಮುಂದ ಯೋಳ್ಬುಡಿ."

ಹೊರಗಿನ ಭಜನೆ ನಿಂತಿತು. ಶಂಭುಲಿಂಗಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು.

"ಸಾವಿನ ಮನೇಲಿ ಇದೇನವ್ವ ರಂಪ?"

"ಎಲ್ಡು ಸಾವು ಯಜಮಾನ್ರೆ. ನೀವು ಒಂದೇ ಹಾರ ತಂದಿದ್ದೀರಿ."

ಬಾಗಿಲಾಚೆ ನಿಂತಿದ್ದ ಚಿಕ್ಕಮಾದಮ್ಮ ಯಾರೂ ಕರೆಯದೆ ಹೊಸಿಲು ದಾಟಿ ಬಂದಳು. ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅರಿಸ್ನದ ನೀರ್ಗೆ ನಾನೇ ಅದ್ದಿ ಕೊಟ್ಟಿದ್ದಿ ಕನವ್ವ, ಆ ವಸ್ತ್ರವ," ಎಂದಳು. "ಓಡೋಗಿರ್ನಿಲ್ಲ ನನ್ ಗಂಡ."

ಶಂಭುಲಿಂಗಪ್ಪ ಹಾರವನ್ನು ಕುರ್ಚಿಯ ಮೇಲಿಟ್ಟು ಜೀಪಿನತ್ತ ನಡೆದ. ದಾರಿ ಬಿಟ್ಟವರಲ್ಲಿ ಒಬ್ಬರೂ ಕೈಮುಗಿಯಲಿಲ್ಲ.

ಗಂಡನ ತಲೆಗೆ ಏರಿಸಲೆಂದು ಇಟ್ಟಿದ್ದ ಬಿಲ್ವಪತ್ರೆಯ ತಟ್ಟೆಯನ್ನು ಮರಿತಾಯಮ್ಮ ಮೊದಲು ಚಿಕ್ಕಮಾದಮ್ಮನ ಮುಂದೆ ಹಿಡಿದಳು. ಅವಳು ಒಂದು ಎಲೆ ತೆಗೆದುಕೊಂಡಳು. ಅದು ಆ ಆಳಿಗಿಂತ ದೊಡ್ಡದಿತ್ತು. ಉಗುರಿನಿಂದ ಒಂದು ಚೂರು ಹರಿದು, ಹಳದಿ ವಸ್ತ್ರದ ಮೇಲೆ ಇಟ್ಟಳು.