ಪರದೆಯ ಒಳಮೈ

"ಹನ್ನೆರಡು ನಿಮಿಷ" ಎಂದ ಟೈಂಕೀಪರ್. "ಅಷ್ಟರಲ್ಲಿ ಎಲ್ಲ ನೋಡ್ಕೊಂಡು ಲಿಫ್ಟ್ ಹತ್ರ ಬಂದಿರ್ಬೇಕು. ಹದಿಮೂರಾದ್ರೆ ನಾನು ಕಾಯಲ್ಲ."

ಗೋಪುರದ ತುದಿಯಿಂದ ಇಡೀ ನಗರ ಕಾಣುತ್ತಿತ್ತು. ಅವನು ಮಾತ್ರ ಕೈಗಡಿಯಾರ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಬಸ್ ಡಿಪೋದ ಗೂಡಿನಲ್ಲಿ ಕುಳಿತು, ಬಂದ ಬಸ್ಸಿನ ಸಮಯ ಬರೆದು, ಹೊರಟ ಬಸ್ಸಿನ ಸಮಯ ಬರೆದು, ಈ ಭೂಮಿ ತನ್ನ ಸೀಟಿಯಿಂದಲೇ ತಿರುಗುತ್ತಿದೆ ಎಂದು ನಂಬಿಕೊಂಡಿದ್ದ ಆಸಾಮಿ. ಹೆಂಡತಿ ವರ್ಷವಿಡೀ ಕೇಳಿ ಕೇಳಿ ಸಾಕಾದ ಮೇಲೆ ಒಂದು ದಿನದ ಪ್ರವಾಸಕ್ಕೆ ಒಪ್ಪಿದ್ದ. ಸುಮ್ಮನೆ ಒಪ್ಪಿದನೇ? ಡಿಪೋದ ಹಳೆಯ ಟ್ರಿಪ್‌ಶೀಟಿನ ಹಿಂಬದಿಯಲ್ಲಿ ಗೆರೆ ಹೊಡೆದು ಗೋಪುರ, ವಸ್ತುಸಂಗ್ರಹಾಲಯ, ಮೀನಿನ ಮನೆ, ಊಟ, ಐಸ್‌ಕ್ರೀಂ ಎಂದು ಬರೆದು, ಒಂದೊಂದರ ಮುಂದೆಯೂ ಆಗಮನ, ನಿರ್ಗಮನ ನಮೂದಿಸಿದ್ದ. ಐಸ್‌ಕ್ರೀಮಿಗೂ ನಿರ್ಗಮನವಿತ್ತು.

ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ನಾಟಕಶಾಲೆ, ಸಮಯ ಉಳಿದರೆ’ ಎಂದಿತ್ತು. ಅವಳು ಬಂದಿದ್ದು ಆ ಒಂದು ಸಾಲಿಗಾಗಿ.

ಅವಳು ಊರಿನ ಹೊಲಿಗೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಹೋದ ವರ್ಷ ಈ ನಗರದ ನಾಟಕಶಾಲೆಯ ಹೊಸ ಪರದೆ ಹೊಲಿಯುವ ಕೆಲಸ ಅವರ ಶೆಡ್ಡಿಗೆ ಬಂದಿತ್ತು. ಹನ್ನೊಂದು ಹೆಂಗಸರು, ಮೂರು ತಿಂಗಳು. ಮಖಮಲ್ಲಿನ ರೋಮ ನಲುಗಬಾರದೆಂದು ಹೊರಮೈಯನ್ನು ಒಳಕ್ಕೆ ಹಾಕಿಕೊಂಡೇ ಹೊಲಿದರು. ಹರಡಿ ನೋಡುವುದಕ್ಕೆ ಶೆಡ್ಡಿನಲ್ಲಿ ಜಾಗವಿರಲಿಲ್ಲ. ಮುಗಿದ ದಿನವೇ ಸುತ್ತಿ ಲಾರಿಗೆ ಹಾಕಿದರು. ತೂಗುಬಿಟ್ಟಾಗ ಅದು ಹೇಗೆ ಕಾಣುತ್ತದೆಂದು ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಡುವಿನ ಪಟ್ಟಿಗಳೆಲ್ಲ ಅವಳ ಕೈಯವು. ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಬಿಟ್ಟರೆ ಆ ನಗರದಿಂದ ಅವಳಿಗೆ ಬೇರೇನೂ ಬೇಕಿರಲಿಲ್ಲ.

ವಸ್ತುಸಂಗ್ರಹಾಲಯಕ್ಕೆ ಇಪ್ಪತ್ತೈದು ನಿಮಿಷ ಸಿಕ್ಕಿತು. ಯಾವುದೋ ರಾಜನ ಮಂಚದ ಮುಂದೆ ನಿಂತು, ಜೊತೆಗೆ ಬಂದಿದ್ದ ಟೈಂಕೀಪರನ ತಾಯಿ, "ಇಷ್ಟು ದೊಡ್ಡ ಮಂಚದ ಅಡಿ ಗುಡಿಸೋರು ಯಾರೋ" ಎಂದಳು. ಆಮೇಲೆ ಮೊದಲು ಸಿಕ್ಕ ಬೆಂಚಿನಲ್ಲಿ ಕುಳಿತು ಗೊರಕೆ ಹೊಡೆದಳು. ಮೀನಿನ ಮನೆಯಲ್ಲಿ ಎಚ್ಚರವಾಗಿದ್ದು, ಪ್ರತಿ ಗಾಜಿನ ಮುಂದೆಯೂ "ಇದನ್ನ ತಿಂತಾರಾ?" ಎಂದು ವಿಚಾರಿಸಿದಳು. ಕಾಲೇಜು ಓದುವ ಮಗಳು ಎಲ್ಲದಕ್ಕೂ ಬೆನ್ನು ತಿರುಗಿಸಿ ನಿಂತು ತನ್ನ ಮುಖದ ಫೋಟೋ ತೆಗೆದುಕೊಂಡಳು. ಟೈಂಕೀಪರ್ ಒಂದೊಂದು ಬಾಗಿಲಲ್ಲೂ ತಲೆ ಎಣಿಸಿ "ರೈಟ್" ಎಂದ. ಊರು ನೋಡುವುದೆಂದರೆ ಅವನಿಗೆ ಟಿಕ್ ಹಾಕುವುದು, ಅಷ್ಟೆ. ಅವನನ್ನು ಕಣ್ಣು ಕಟ್ಟಿ ಸುತ್ತಿಸಿದ್ದರೂ ಅಷ್ಟೇ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದ.

ಊಟದ ಹೋಟೆಲಿನಲ್ಲಿ ಸೂಪು ತಡವಾಯಿತು.

"ಆರ್ಡರ್ ಕೊಟ್ಟಿದ್ದು ಒಂದು ಹತ್ತಕ್ಕೆ. ಈಗ ಒಂದು ಮೂವತ್ತೊಂದು. ಸೂಪಿಗೆ ಇಪ್ಪತ್ತೊಂದು ನಿಮಿಷಾನಾ?" ಎಂದು ಅವನು ಮಾಣಿಯನ್ನು ಕೇಳಿದ.

"ಬಿಸಿ ಆಗ್ಬೇಕಲ್ಲ ಸಾರ್."

"ದೂರಿನ ಪುಸ್ತಕ ತಗೊಂಡು ಬಾ."

ಮಾಣಿ ಸೂಪು ಇಟ್ಟುಹೋಗಿ ಪುಸ್ತಕ ತರುವಷ್ಟರಲ್ಲಿ ಅವನು ಜೇಬಿನಿಂದ ಪಟ್ಟಿ ತೆಗೆದು ಕೊನೆಯ ಸಾಲಿನ ಮೇಲೆ ಗೀಟು ಎಳೆದ. "ನೋಡು, ನಿನ್ನ ನಾಟಕಶಾಲೇನ ಈ ಸೂಪು ತಿಂದ್ಹಾಕ್ತು."

"ಪಕ್ಕದ ಬೀದೀಲೇ ಇದೆಯಂತೆ ರೀ" ಎಂದಳು ಅವಳು. "ಐದು ನಿಮಿಷ ಸಾಕು. ನಾನೊಬ್ಬಳೇ ಹೋಗಿ ಬರ್ತೀನಿ."

"ಐದು ನಿಮಿಷ ಅಂದ್ರೆ ಏನು ಅಂತ ಗೊತ್ತಾ ನಿನಗೆ? ಡಿಪೋದಲ್ಲಿ ಐದು ನಿಮಿಷಕ್ಕೆ ಮೂರು ಬಸ್ ಬಿಡ್ತೀನಿ ನಾನು. ಮನೇಲಿ ಇಲ್ವಾ ಪರದೆ?"

"ಬಾಗಿಲಿಗೆ ಹಾಕಿರೋದನ್ನ ಒಗೆದು ಎರಡು ತಿಂಗಳಾಯ್ತು" ಎಂದು ಅತ್ತೆ ಬ್ರೆಡ್ಡು ಅದ್ದಿಕೊಳ್ಳುತ್ತ ಸೇರಿಸಿದಳು. ತಾಯಿ ಮಗ ಇಬ್ಬರೂ ನಕ್ಕರು.

ಅವಳಿಗೆ ಅಳು ಬರಲಿಲ್ಲ. ಹೇಸಿಗೆಯಾಯಿತು. ಮೀಸೆಗೆ ಸೂಪು ಮೆತ್ತಿಕೊಂಡು, ದೂರಿನ ಪುಸ್ತಕದಲ್ಲಿ ತಾರೀಖನ್ನು ದುಂಡಗೆ ಬರೆಯುತ್ತಿದ್ದ ಈ ಮನುಷ್ಯ ರೈಟ್ ಎಂದಾಗಲೆಲ್ಲ ತಾನು ಹತ್ತೊಂಬತ್ತು ವರ್ಷ ಹೊರಡುತ್ತ ಬಂದೆನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು. "ಕೈ ತೊಳ್ಕೊಂಡು ಬರ್ತೀನಿ" ಎಂದು ಎದ್ದಳು. ಅವಳು ಇನ್ನೂ ಏನನ್ನೂ ಮುಟ್ಟಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ನಾಟಕಶಾಲೆಯ ಬಾಗಿಲು ತೆರೆದೇ ಇತ್ತು. ಸಾಲು ಕುರ್ಚಿಗಳ ನಡುವೆ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು.

"ನಾಟಕ ಸಂಜೆ ಕಣಮ್ಮ."

"ನಾಟಕ ಬೇಡ. ಪರದೆ ನೋಡ್ಬೇಕಿತ್ತು."

"ಪರದೇನಾ?" ಗುಡಿಸುವವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ಬಂದವರೆಲ್ಲ ಇದು ಯಾವಾಗ ಏಳುತ್ತೆ ಅಂತ ಕಾಯ್ತಾರೆ. ಎದುರಿಗೇ ಇದೆಯಲ್ಲ, ನೋಡು."

ನೋಡಿದಳು. ದಾಳಿಂಬೆ ಕಾಳಿನ ಬಣ್ಣದ ಮಖಮಲ್ಲು ಮೇಲಿನಿಂದ ಕೆಳಗಿನವರೆಗೆ ನಿರಿಗೆ ನಿರಿಗೆಯಾಗಿ ಇಳಿದು ಹೊಳೆಯುತ್ತಿತ್ತು. ಬಹಳ ಚೆನ್ನಾಗಿತ್ತು. ಆದರೆ ಅವಳಿಗೆ ಗುರುತು ಸಿಗಲಿಲ್ಲ. ಯಾರದೋ ಶ್ರೀಮಂತರ ಮನೆಯ ಮದುಮಗಳನ್ನು ನೋಡಿದಂತಾಯಿತು. ಇದಕ್ಕಾಗಿಯೇ ವರ್ಷವಿಡೀ ಅಂಗಲಾಚಿದೆನೇ ಎಂದು ಪೆಚ್ಚಾಗಿ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಳು. ಅಷ್ಟು ದಿನ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದು ಈ ಮುಖವನ್ನಲ್ಲ ಎಂಬುದು ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಇದರ ಹಿಂದುಗಡೆ ಹೋಗ್ಬಹುದಾ?"

"ಹಿಂದೆ ಏನಿದೆ, ಧೂಳು" ಎಂದು ಗುಡಿಸುವವಳು ಪಕ್ಕದ ಮೆಟ್ಟಿಲು ತೋರಿಸಿ, ಬಕೆಟ್ಟಿಗೆ ನೀರು ತರಲು ಹೊರಗೆ ಹೋದಳು.

ಹಿಂದೆ ಅರೆಗತ್ತಲು. ಹೊಲಿಗೆ ಮುಚ್ಚುವ ಅಸ್ತರ್ ಬಟ್ಟೆ ಹಾಕಿರಲಿಲ್ಲ. ಗುತ್ತಿಗೆದಾರ ಅದರ ದುಡ್ಡು ನುಂಗಿ ನೀರು ಕುಡಿದಿದ್ದ. ಅವನ ಕಳ್ಳತನಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಹಳೇ ಇಟ್ಟಿಗೆಯ ಬಣ್ಣದ ಮಂಕು ಬಟ್ಟೆ, ಅದರ ಮೇಲೆ ಮಾಸದ ಸೀಮೆಸುಣ್ಣದ ಅಂಕಿಗಳು, ಸಾಲು ಸಾಲು ಹೊಲಿಗೆ. ಏಳರಿಂದ ಹದಿನಾರರವರೆಗಿನ ಪಟ್ಟಿಗಳು ಅವಳವೇ. ಹೆಬ್ಬೆರಳಿನಿಂದ ಒಂದೊಂದೇ ಹೊಲಿಗೆ ಸವರುತ್ತ ಹೋದಳು. ಎಲ್ಲೂ ಸುಕ್ಕಿರಲಿಲ್ಲ, ಎಲ್ಲೂ ಜಗ್ಗಿರಲಿಲ್ಲ. ಅವಳಿಗೆ ಖುಷಿಯಾಯಿತು, ಬೆಳಗಿನಿಂದ ಮೊದಲ ಸಲ.

ಆಗ ಆಚೆ ಕಡೆ ಬೂಟಿನ ಸದ್ದಾಯಿತು.

"ಇಲ್ಲಿಗೇ ಬಂದಿರ್ತಾಳೆ ಅಂದೆಯಲ್ಲ, ಎಲ್ಲಿ?" ಟೈಂಕೀಪರನ ದನಿ. "ಹದಿನಾಲ್ಕು ನಿಮಿಷ ಲೇಟು."

"ಅಪ್ಪ, ಪರದೆ ನೋಡಿ, ಎಷ್ಟು ಚೆನ್ನಾಗಿದೆ" ಎಂದಳು ಮಗಳು. "ಅಮ್ಮ ಹೊಲಿದಿದ್ದು ಇದೇ ಇರ್ಬೇಕು ಅಲ್ವಾ?"

"ಥೂ, ಇದಲ್ಲ. ಊಟದ ಡಬ್ಬಿ ಕೊಡೋಕೆ ಶೆಡ್ಡಿಗೆ ಹೋದಾಗ ನಾನೇ ನೋಡಿದ್ದೀನಲ್ಲ. ಗೋಣಿತಾಟಿನ ಥರ ಇತ್ತು. ಇದನ್ನ ಎಲ್ಲೋ ದೊಡ್ಡ ಕಡೆ ಮಾಡ್ಸಿರ್ತಾರೆ." ಅವನು ಹೆಂಡತಿಯನ್ನು ಕೂಗಿದ. ಖಾಲಿ ಕುರ್ಚಿಗಳ ಮೇಲೆ ಆ ಕೂಗು ಹೋಗಿ ವಾಪಸು ಬಂತು. ಇನ್ನೊಮ್ಮೆ ಕೂಗಿದ.

ಅವಳು ಬಟ್ಟೆಯ ಈಚೆ, ಅವನಿಂದ ಹತ್ತು ಮಾರು ದೂರದಲ್ಲಿ ಮಂಡಿಯೂರಿದ್ದಳು. ಹದಿಮೂರನೆಯ ಪಟ್ಟಿಯ ಅಂಚಿನಲ್ಲಿ ಒಂದೆಳೆ ದಾರ ಉಳಿದುಬಿಟ್ಟಿತ್ತು.

"ಇಲ್ಲಿ ಯಾರೂ ಇಲ್ಲ, ನಡಿ" ಎಂದು ಹೇಳಿ, ಹೊರಡುವ ಮೊದಲು ಅವನು ಮೂರನೆಯ ಸಲ ಕೂಗಿದ.

ಅವಳು ಬಗ್ಗಿ ಆ ದಾರವನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.