ಪ್ರತ್ಯೇಕ ಅರ್ಥಿಂಗ್

ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸಾಕೆಟ್ ಬಿಚ್ಚಿದೆ. ಅತ್ತೆ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು.

ಈ ಕೋಣೆಯಲ್ಲಿ ಕೂತು ನಾನು ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಈಗ ಮನೆ ನಡೆಯುವುದು ಅದರಿಂದಲೇ. ಧ್ವನಿಯ ಹಿಂದೆ ಗುಂಯ್ ಎನ್ನುವ ಸದ್ದಿದೆಯೆಂದು ಕೊನೆಯ ರೆಕಾರ್ಡಿಂಗ್ ವಾಪಸು ಬಂದಿತ್ತು. ಆ ಸದ್ದು ಬರಬಾರದೆಂದೇ ನನ್ನ ಗಂಡ ಈ ಸಾಕೆಟ್ಟಿಗೆ ಪ್ರತ್ಯೇಕ ಅರ್ಥಿಂಗ್ ಎಳೆದಿದ್ದ. ಮರುವಾರ ಅವನ ಬೈಕಿಗೆ ಲಾರಿ ಗುದ್ದಿತು.

"ಎಲ್ಲ ಸರಿಯಾಗೇ ಇದ್ಯಲ್ಲ. ಮುಚ್ಚು ಇನ್ನು," ಎಂದರು ಅತ್ತೆ.

ಅರ್ಥಿಂಗಿನ ಹಸಿರು ತಂತಿ ಮೇನ್ ಬೋರ್ಡಿನ ಕಡೆ ಹೋಗಿರಲಿಲ್ಲ. ಗೋಡೆ ತೂರಿ ಅಂಗಳಕ್ಕಿಳಿದು, ಅವನೇ ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಸುತ್ತಿಕೊಂಡಿತ್ತು. ಮನೆಯ ಮಿಕ್ಕ ಅರ್ಥಿಂಗಿನಿಂದ ದೂರವಿರಬೇಕು ಎನ್ನುವುದನ್ನಷ್ಟೇ ಅವನು ಹಿಡಿದುಕೊಂಡಿದ್ದ. ದಾರಿಯುದ್ದಕ್ಕೂ ಬೇರೆಯಾಗಿದ್ದರೂ ಮೇನ್ ಬೋರ್ಡಿನಲ್ಲಿ ಅದು ಕೂಡಲೇಬೇಕು; ಇಲ್ಲದಿದ್ದರೆ ಗುಂಯ್ ಸದ್ದೂ ಹೋಗುವುದಿಲ್ಲ.

"ಇದನ್ನ ತೆಗೀಬೇಕು ಅತ್ತೆ."

"ಯಾಕೆ? ನನ್ನ ಮಗ ರಜಾ ಹಾಕಿ ಮಾಡಿದ್ದು. ಆವತ್ತು ನೀನು ಒಂದು ಲೋಟ ನೀರೂ ಕೊಡ್ಲಿಲ್ಲ ಅವನಿಗೆ."

"ಕೊಟ್ಟಿದ್ದೆ."

"ಕೊಟ್ಟಿದ್ರೆ ಸರಿ. ಮುಟ್ಬೇಡ. ಅವನ ಕೈಯಿಂದ ಆದ ಕೊನೇ ಕೆಲಸ."

"ಮೈಕಿನ ಆಂಪ್ಲಿಫೈಯರ್ ಒಳಗೆ ತಂತಿ ಕಿತ್ತು ಮೇಲಿನ ತಗಡಿಗೆ ತಾಗಿದ್ರೆ ಕರೆಂಟು ತಾನಾಗೇ ಕಟ್ ಆಗ್ಬೇಕು. ಹೀಗೆ ಬರೀ ಮಣ್ಣಿಗೆ ಇಳಿದ್ರೆ ಕಟ್ ಆಗೋಷ್ಟು ಕರೆಂಟು ಹರಿಯಲ್ಲ. ದಿನಾ ಒದ್ದೆ ಬಟ್ಟೆಲಿ ಅದನ್ನ ಒರೆಸೋರು ನೀವು."

"ನನ್ನ ಮಗ ನನ್ನ ಸಾಯಿಸ್ತಿದ್ನೇನೇ?"

"ಅವರಿಗೆ ಗೊತ್ತಿರ್ಲಿಲ್ಲ."

ಅತ್ತೆ ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದರು.

"ಚಿಕ್ಕವನಿದ್ದಾಗ್ಲೂ ಹಾಗೇ. ಅಂಗಡಿಗೆ ಹೋಗು ಅನ್ನೋಷ್ಟರಲ್ಲಿ ಬೀದಿ ತುದೀಲಿರೋನು. ಏನು ತರ್ಬೇಕು ಅಂತ ವಾಪಸು ಬಂದು ಕೇಳೋನು. ಮಹಾ ಬುದ್ಧಿವಂತ!"

ನಾನು ಕಾದೆ.

"ಕಿತ್ತು ಹಾಕು," ಎಂದರು.

ಸರಳಿಗೆ ಬಿಗಿಯಾಗಿ ಸುತ್ತಿದ್ದ; ಬಿಚ್ಚಲು ಇಕ್ಕಳ ಬೇಕಾಯಿತು. ಹೊಸ ಹಸಿರು ತಂತಿಯನ್ನು ಕರೆಂಟಿನ ತಂತಿಗಳಿದ್ದ ಪೈಪಿನಲ್ಲೇ, ನಡುವಿನ ಯಾವ ಜಂಕ್ಷನ್ ಡಬ್ಬಿಗೂ ಜೋಡಿಸದೆ, ಮೇನ್ ಬೋರ್ಡಿನವರೆಗೆ ಎಳೆದೆ. ಅತ್ತೆ ಇತ್ತ ಕಡೆಯಿಂದ ದೂಡುತ್ತಿದ್ದರು.

"ನಿಧಾನಕ್ಕೆ ಎಳಿಯೇ, ನನ್ನನ್ನೂ ಪೈಪಿನೊಳಗೆ ಎಳ್ಕೊಂಡು ಹೋಗ್ತೀಯಾ?"

ತುದಿಯನ್ನು ಬೋರ್ಡಿನ ಅರ್ಥಿಂಗ್ ಪಟ್ಟಿಗೆ ಬಿಗಿದೆ. ಮೀಟರ್ ಇಟ್ಟು ನೋಡಿದೆ. ಸಾಕೆಟ್ ಮುಚ್ಚಿ ಮೇನ್ ಹಾಕಿದೆ.

ಹೆಡ್‌ಫೋನ್ ಏರಿಸಿಕೊಂಡು ಮೈಕ್ ಆನ್ ಮಾಡಿದೆ. ಗುಂಯ್ ಸದ್ದಿರಲಿಲ್ಲ. ಮೊದಲು ಏನೂ ಇರಲಿಲ್ಲ. ಆಮೇಲೆ ಬೆನ್ನ ಹಿಂದಿನಿಂದ ಒಂದು ಉಸಿರು ಕೇಳಿಸಿತು. ಎಳೆದು, ತಡೆದು, ಬಿಟ್ಟದ್ದು. ಅತ್ತೆಯ ಅಳುವನ್ನು ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ.

"ಹೋಯ್ತಾ ಸದ್ದು?" ಎಂದರು.

"ಹೋಯ್ತು ಅತ್ತೆ."

ಅವರು ಅತ್ತು ಮುಗಿಸಲೆಂದು, ರೆಕಾರ್ಡಿಂಗ್ ಗುಂಡಿ ಒತ್ತದೆ ಕೂತೆ.